ಹಾಜರಿ

ಎರಡು ಗಂಟೆಯ ಮೇಲೆ ನನ್ನ ದನಿ ಬೀಳುತ್ತಿತ್ತು.
ಬೆಳಿಗ್ಗೆ ಚೆನ್ನಾಗೇ ಇರುತ್ತಿತ್ತು, ಅದೇ ಅದರ ಮೋಸ.
ಮೂವತ್ತೊಂಬತ್ತು ಹೆಸರು ಕೂಗಿ, ಮಗ್ಗಿ ಹೇಳಿಸಿ,
ಕಿಟಕಿ ಹತ್ತಿದ ಇಬ್ಬರನ್ನು ಇಳಿಸುವಷ್ಟರಲ್ಲಿ
ಒಡೆದ ಮಡಕೆಯ ಸದ್ದು.
ಮೇಲಿನ ಸ್ವರಗಳು ಒಂದೊಂದಾಗಿ
ಮನೆ ಖಾಲಿ ಮಾಡಿದವು.
ಗಂಟಲಲ್ಲಿ ಏನೋ ಕೂತ ಹಾಗೆ:
ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು.
ದಿನಕ್ಕೆ ನೂರು ಸಲ ಕ್ಯಾಕರಿಸಿ
ಗಂಡನ ಕೈಲಿ ಬೈಸಿಕೊಂಡೆ.

ಸಿಗರೇಟು ಬಿಡಿ ಎಂದರು, ನಾನು ಸೇದಿದವಳೇ ಅಲ್ಲ.
ವಾಲ್ಪರೈಸೊ ಬಂದರಿನ ಮಂಜೇ ಹಾಗೆ ಎಂದರು.
ಜೇನು, ನಿಂಬೆ, ಬೋಲ್ದೊ ಎಲೆಯ ಕಷಾಯ.
ಮಬ್ಬಿನಲ್ಲಿ ಹಡಗು ಕೂಗಿದರೆ ನಮ್ಮ ಗುಡ್ಡದವರು
"ಓ, ಹೋರ್ತೆನ್ಸಿಯಾ ಟೀಚರು" ಎಂದು ನಕ್ಕರು.

ಡಾಕ್ಟರ್ ಬಾಹಮೊಂದೆ ಮೂಗಿನಿಂದ ನಳಿಕೆ ಇಳಿಸಿ
ಪರದೆಯನ್ನು ನನ್ನತ್ತ ತಿರುಗಿಸಿದ.
ಬೆಳ್ಳನೆಯ ಎರಡು ಪಟ್ಟಿ, ಅವುಗಳ ಅಂಚಿಗೆ
ಎದುರುಬದುರು ಎರಡು ನುಚ್ಚಕ್ಕಿ.
"ಕ್ಯಾನ್ಸರ್ ಅಲ್ಲ. ಹೊಲಿಯುವವಳ ಬೆರಳಿಗೆ
ಬರುತ್ತದಲ್ಲ, ಅಂಥ ಜಡ್ಡು.
ಮೂರು ವಾರ ಬಾಯಿ ಮುಚ್ಚಿ. ಪಿಸುಮಾತೂ ಬೇಡ."
ನಗು ಬಂತು.
ಅದೂ ಬೇಡ ಎಂದ.

ಈಗ ಯಾಸ್ನಾಳ ಮಾತು.
ಆರು ವರ್ಷ, ಮೂರನೇ ಸಾಲು,
ಸ್ವೆಟರಿನ ತೋಳು ಕಚ್ಚುತ್ತ ಕೂರುವವಳು.
ಅವಳದೂ ಗೊಗ್ಗರು ದನಿ.
"ನಿಮ್ಮನ್ನ ಅಣಕಿಸ್ತಾಳೆ ಟೀಚರ್" ಎಂದರು ಹುಡುಗರು.
ನಾನೂ ಹಾಗೇ ಅಂದುಕೊಂಡೆ, ಒಮ್ಮೆ ಗದರಿಯೂ ಬಿಟ್ಟೆ.
ಅದನ್ನು ಬರೆಯದೆ ಹೋದರೆ
ಉಳಿದದ್ದೆಲ್ಲ ಸುಳ್ಳು.

ಬದಲಿ ಟೀಚರಿಗೆ ಪಾಠ ಬಿಟ್ಟು
ಹಿಂದಿನ ಬೆಂಚಿನಲ್ಲಿ ಕೂತೆ.
ಮಾತು ನಿಂತವಳ ಕಿವಿ ದೊಡ್ಡದಾಗುತ್ತದೆ.
ಮೂವತ್ತೊಂಬತ್ತು ಉಸಿರಿನ ನಡುವೆ ಒಂದು ಉಸಿರು
ಒಳಗೆ ಹೋಗುವಾಗಲೆಲ್ಲ
ಗಾಳಿಗೆ ಸಡಿಲಾದ ತಗಡಿನಂತೆ ಕಿರುಗುಟ್ಟುತ್ತಿತ್ತು.
ಆಟದ ಹೊತ್ತಲ್ಲಿ ಬಿದ್ದು ಮಂಡಿ ತರಚಿಕೊಂಡಳು.
ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಕಣ್ಣೀರೂ ಇದೆ,
ಅಳು ಮಾತ್ರ ಇಲ್ಲ.

ಮೀನು ಕಟ್ಟೆಯಲ್ಲಿ ಅವಳಮ್ಮ ಒರಿಯೆತ್ತಾ
ಚಾಕು ನಿಲ್ಲಿಸದೆ ಹೇಳಿದಳು:
"ಹುಟ್ಟಿದಾಗಲೇ ಬೆಕ್ಕಿನ ಮರಿಯ ಅಳು.
ಆಸ್ತಮಾ ಅಂದ್ರು, ಎರಡು ವರ್ಷದಿಂದ ಪಂಪು.
ರಾತ್ರಿ ಅವಳ ಗೊರಕೆಗೆ ನಂಗೆ ನಿದ್ದೆ ಬರುತ್ತೆ.
ಅದು ನಿಂತರೆ ಎದ್ದು ಕೂರ್ತೀನಿ."
ಸ್ಲೇಟಿನಲ್ಲಿ ಬರೆದು ಹಿಡಿದೆ:
ಆಸ್ತಮಾ ಅಲ್ಲದಿರಬಹುದು. ಗಂಟಲ ಒಳಗೆ ನೋಡಿಸು.
ಒದ್ದೆ ಬೆರಳಲ್ಲಿ ಅವಳು ಒಂದೊಂದೇ ಪದ ಮುಟ್ಟಿ ಓದಿದಳು,
ಓದಿದ್ದು ಅಳಿಸುತ್ತ ಹೋಯಿತು.

ಅದೇ ಪರದೆ, ಅದೇ ಬಾಹಮೊಂದೆ.
ನುಚ್ಚಕ್ಕಿಯಲ್ಲ, ಹಿಪ್ಪುನೇರಳೆಯ ಗೊಂಚಲು:
ಗುಲಾಬಿ, ಒದ್ದೆ, ಉಸಿರಿನ ಬಾಗಿಲಿಗೆ ಜೋತು ಬಿದ್ದದ್ದು.
ಸೂಜಿ ತೂರುವಷ್ಟು ದಾರಿ ಉಳಿದಿತ್ತು.
ನನ್ನದು ನಾನೇ ಕೂಗಿ ಗಳಿಸಿದ್ದು.
ಈ ಮಗು ಏನು ಕೂಗಿತ್ತು?
"ಇದೂ ಕ್ಯಾನ್ಸರ್ ಅಲ್ಲ" ಎಂದ.
"ಕೆರೆದು ತೆಗೆಯುತ್ತೇನೆ. ಮತ್ತೆ ಬೆಳೆಯುತ್ತದೆ. ಮತ್ತೆ ತೆಗೆಯೋಣ."
ಒರಿಯೆತ್ತಾ ಏನೂ ಕೇಳಲಿಲ್ಲ.
ಕೈಗೆ ಅಂಟಿದ ಹುರುಪೆಯನ್ನು
ಉಗುರಿನಿಂದ ಎಬ್ಬುತ್ತಲೇ ಇದ್ದಳು.
"ಯಾರ ತಪ್ಪೂ ಅಲ್ಲ" ಎಂದು
ಅವನೇ ಎರಡು ಸಲ ಹೇಳಿದ.

ನನ್ನ ಕಾಳು ಕರಗಿತು. ಈಗ ಮೈಕು ಕಟ್ಟಿಕೊಂಡು ಪಾಠ.
ಯಾಸ್ನಾಳಿಗೆ ನಾಲ್ಕು ಸಲ ಆಗಿದೆ.
ಮಾರ್ಚಿನಲ್ಲಿ ಹೊಸ ದನಿ ತಂದಳು,
"ಇದ್ದೀನಿ!" ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ
ತಾನೇ ಬೆಚ್ಚಿದಳು.
ಮೇ ತಿಂಗಳಿಗೆ ಅದರ ಅಂಚು ಮಾಸಿತು.
ಜೂನಿನಲ್ಲಿ ಮೇಜಿಗೆ ಎರಡು ಬಡಿತ, ಅಷ್ಟೇ.

ಶಾಲೆ ಬಿಟ್ಟ ಮೇಲೆ ಗುಡ್ಡದ ಮೆಟ್ಟಿಲಲ್ಲಿ
ಅವಳ ಹಿಂದೆ ನಡೆಯುತ್ತೇನೆ, ಎಣಿಸುತ್ತ.
ಹೋದ ವಾರ ನಲವತ್ತು ಹತ್ತಿದ ಮೇಲೆ ನಿಂತಳು.
ನಿನ್ನೆ ಹದಿನೇಳಕ್ಕೇ ನಿಂತು, ನನ್ನ ಕಡೆ ನೋಡದೆ,
ಶೂ ದಾರ ಕಟ್ಟಿಕೊಳ್ಳುವವಳ ಹಾಗೆ ಬಗ್ಗಿದಳು.

ಅವಳ ಶೂಗೆ ದಾರವಿಲ್ಲ.